ಭತ್ತದ ಹುಲ್ಲಿನ ನಕ್ಷತ್ರ, ಬೆಂಡಿನ ಕುರಿ: ಮನೆಯ ಕ್ರಿಸ್‌ಮಸ್ ಕೈಕೆಲಸವನ್ನು ಮತ್ತೆ ಆರಂಭಿಸುವ ಬಗೆ

ಪ್ರಶ್ನೆ: ನಾವು ಸಿಂಧನೂರಿನವರು. ನಮ್ಮ ಅಜ್ಜಿ ಇರುವವರೆಗೆ ಡಿಸೆಂಬರ್ ಬಂತೆಂದರೆ ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಕುಳಿತು ಕ್ರಿಸ್‌ಮಸ್‌ಗೆ ಬೇಕಾದ ನಕ್ಷತ್ರಗಳನ್ನೂ ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ) ಕುರಿಗಳನ್ನೂ ಕೈಯಲ್ಲೇ ಮಾಡುತ್ತಿದ್ದೆವು. ಅವರು ತೀರಿಕೊಂಡ ಮೇಲೆ ಅದು ನಿಂತುಹೋಯಿತು. ತಮ್ಮಂದಿರು ಬೆಂಗಳೂರು ಮತ್ತು ಹೈದರಾಬಾದಿನಲ್ಲಿದ್ದಾರೆ. ಮಕ್ಕಳು ಅಂಗಡಿಯ ಪ್ಲಾಸ್ಟಿಕ್ ಸಾಮಾನು ತರುತ್ತಾರೆ. ಅಜ್ಜಿಯ ತಗಡಿನ ಡಬ್ಬಿಯಲ್ಲಿ ಕೆಲವು ಗಾಜಿನ ಚೆಂಡುಗಳು, ಹತ್ತಿಯ ಕುರಿಗಳು, ಬಟ್ಟೆಯ ನಕ್ಷತ್ರಗಳು ಮತ್ತು ಬೆಳ್ಳಿಬಣ್ಣದ ಎಳೆಗಳು ಉಳಿದಿವೆ. ಬಟ್ಟೆಗೆ ಹುಳ ಹಿಡಿದಂತೆ ಕಾಣುತ್ತದೆ. ಇವನ್ನು ಉಳಿಸಿಕೊಳ್ಳುವುದು ಹೇಗೆ? ನಮ್ಮ ಕಡೆ ಸಿಗುವ ಸಾಮಗ್ರಿಯಿಂದ ಏನು ಮಾಡಬಹುದು? ಒಂದು ವರ್ಷ ಮಾಡಿ ಬಿಟ್ಟುಬಿಡದಂತೆ ಈ ರೂಢಿಯನ್ನು ಮತ್ತೆ ಆರಂಭಿಸುವುದು ಹೇಗೆ?

ಉತ್ತರ: ನೀವು ಕೊನೆಗೆ ಕೇಳಿದ ಪ್ರಶ್ನೆಗೆ ಮೊದಲು ಉತ್ತರ ಕಂಡುಕೊಂಡರೆ ಉಳಿದೆರಡು ಸುಲಭವಾಗುತ್ತವೆ. ಮನೆಯ ಕೈಕೆಲಸದ ರೂಢಿ ಬಾಳಬೇಕಾದರೆ ಒಂದು ಆಕಾರ, ಒಂದು ದಿನ ಮತ್ತು ಕೈಗೆಟಕುವ ಒಂದು ಸಾಮಗ್ರಿ, ಈ ಮೂರೂ ನಿಶ್ಚಿತವಾಗಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊಬೈಲಿನಲ್ಲಿ ವಿಡಿಯೊ ನೋಡಿ ಈ ವರ್ಷ ಕಾಗದದ ದೇವದೂತ, ಮುಂದಿನ ವರ್ಷ ಐಸ್‌ಕ್ರೀಂ ಕಡ್ಡಿಯ ಮನೆ ಎಂದು ಹೊರಡುವ ಕುಟುಂಬಗಳಲ್ಲಿ ಪ್ರತಿ ಸಲವೂ ಎಲ್ಲರೂ ಹೊಸಬರೇ ಆಗಿರುತ್ತಾರೆ, ಹೇಳಿಕೊಡುವವರು ಯಾರೂ ಇರುವುದಿಲ್ಲ. ಒಂದೇ ನಕ್ಷತ್ರವನ್ನು ವರ್ಷವರ್ಷವೂ ಕಟ್ಟುವ ಮನೆಯಲ್ಲಾದರೆ ಹತ್ತು ವರ್ಷದ ಹುಡುಗಿಯ ಕೈ, ಆರು ವರ್ಷದ ತಮ್ಮನಿಗೆ ತೋರಿಸಿಕೊಡುವಷ್ಟು ಪಳಗಿರುತ್ತದೆ. ಅಜ್ಜಿ ಹೋದೊಡನೆ ಕೆಲಸವೂ ನಿಂತಿತೆಂದರೆ, ಹೇಳಿಕೊಡುವ ಹೊಣೆಯನ್ನು ನಿಮ್ಮ ಮನೆಯಲ್ಲಿ ಅವರೊಬ್ಬರೇ ಹೊತ್ತಿದ್ದರೆಂದು ತೋರುತ್ತದೆ.

ಇದಕ್ಕೆ ಒಳ್ಳೆಯ ನಿದರ್ಶನ ಜರ್ಮನಿಯ ಹೆರ್ನ್‌ಹುಟ್ ಊರಿನ ಹೆಸರಿನಲ್ಲಿ ಪ್ರಸಿದ್ಧವಾದ ಕಾಗದದ ನಕ್ಷತ್ರ. 19ನೇ ಶತಮಾನದ ಮೊದಲರ್ಧದಲ್ಲಿ ಮೊರೇವಿಯನ್ ಸಭೆ ಎಂಬ ಪ್ರೊಟೆಸ್ಟೆಂಟ್ ಪಂಗಡದ ವಸತಿ ಶಾಲೆಯೊಂದರಲ್ಲಿ ಅದು ರೇಖಾಗಣಿತದ ಪಾಠವಾಗಿ ಹುಟ್ಟಿತು: ಚೌಕ ತಳದ 17 ಮೊನೆಗಳು, ತ್ರಿಕೋನ ತಳದ 8 ಮೊನೆಗಳು, ಒಟ್ಟು 25, ಇನ್ನೊಂದು ಮೊನೆಯ ಜಾಗ ತೂಗುಹಾಕುವುದಕ್ಕೆ ಖಾಲಿ. ಮಕ್ಕಳು ಅದನ್ನು ಕಲಿತು ಮನೆಗೆ ಒಯ್ದರು. ಆಗಮನ ಕಾಲದ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಸಿದ್ಧತೆಯ ಕಾಲದ, ಮೊದಲ ಭಾನುವಾರ ಮನೆಮಂದಿಯೆಲ್ಲ ಕುಳಿತು ಮೊನೆಗಳನ್ನು ಜೋಡಿಸುವುದು ಪದ್ಧತಿಯಾಯಿತು. ಆಕಾರವನ್ನೂ ದಿನವನ್ನೂ ಬದಲಿಸದೆ ಇದ್ದುದರಿಂದಲೇ ಅದು ಇಷ್ಟು ತಲೆಮಾರು ದಾಟಿ ಬಂದಿದೆ. ನಿಮಗೂ ನಾನು ಅದೇ ಭಾನುವಾರವನ್ನು ಸೂಚಿಸುತ್ತೇನೆ. ಅದು ಪ್ರತಿವರ್ಷ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬೀಳುತ್ತದೆ. ಶಾಲೆಗೆ ರಜೆ ಇರುತ್ತದೆ, ಹಬ್ಬಕ್ಕೆ ಇನ್ನೂ ಮೂರು ವಾರಕ್ಕಿಂತ ಹೆಚ್ಚು ಸಮಯವಿರುವುದರಿಂದ ಕರ್ಜಿಕಾಯಿ, ಚಕ್ಕುಲಿಯ ಗಡಿಬಿಡಿಯೂ ಅಡುಗೆಮನೆಯಲ್ಲಿ ಶುರುವಾಗಿರುವುದಿಲ್ಲ.

ಯಾವ ಆಕಾರವನ್ನು ಆರಿಸಬೇಕೆಂಬ ವಿಷಯದಲ್ಲಿ ಸಂಕೋಚ ಬೇಡ. ಗಾಜಿನ ಚೆಂಡು, ಹಿಮ ಬಿದ್ದ ಮರ ಮುಂತಾದವೇ ನಿಜವಾದ ಕ್ರಿಸ್‌ಮಸ್ ಅಲಂಕಾರ, ನಮ್ಮ ಹುಲ್ಲು ಬೆಂಡುಗಳು ಅದರ ಬಡ ನಕಲು ಎಂಬ ಭಾವನೆ ಹಲವರಲ್ಲಿದೆ. ಕಾಲಾನುಕ್ರಮವನ್ನು ನೋಡಿದರೆ ಈ ಭಾವನೆಗೆ ಆಧಾರವಿಲ್ಲ. ನಿಮ್ಮ ಜಿಲ್ಲೆಯ ಮುದಗಲ್ಲಿನಲ್ಲಿ ಆದಿಲಶಾಹಿ ಕಾಲದಲ್ಲೇ, 16ನೇ ಶತಮಾನದಲ್ಲಿ, ಗೋವಾದ ಕಡೆಯಿಂದ ಬಂದ ಪಾದ್ರಿಗಳಿಂದ ಕೆಥೋಲಿಕ ಸಮುದಾಯ ನೆಲೆಗೊಂಡಿತ್ತು. ಅಲಂಕರಿಸಿದ ಕ್ರಿಸ್‌ಮಸ್ ಮರದ ಪ್ರಸಿದ್ಧ ವರ್ಣನೆ ಸ್ಟ್ರಾಸ್‌ಬರ್ಗ್ ನಗರದ್ದು, 1605ರದು. ಆ ಮರಕ್ಕೆ ಕಟ್ಟಿದ್ದು ಬಣ್ಣದ ಕಾಗದದ ಗುಲಾಬಿ, ಸೇಬು, ಹಪ್ಪಳದಂತಹ ತೆಳು ಬಿಸ್ಕತ್ತು, ಬೇಗಡೆ ಮತ್ತು ಸಕ್ಕರೆಯ ತಿನಿಸು. ಲಂಡನ್ ಮಿಷನ್ನಿನ ಪಾದ್ರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದಾಗ ಜರ್ಮನಿಯ ಲೌಷಾ ಊರಿನ ಗಾಜಿನ ಚೆಂಡುಗಳು ಇನ್ನೂ ಬಳಕೆಗೆ ಬಂದಿರಲಿಲ್ಲ. ಅವು ಹೊರಟಿದ್ದು ಆ ಶತಮಾನದ ನಡುಭಾಗದಲ್ಲಿ, ಅದೂ ಮನೆಮನೆಯ ಗೃಹೋದ್ಯಮವಾಗಿ, ಗಂಡಸರು ಗಾಜು ಊದಿ, ಹೆಂಗಸರು ಮಕ್ಕಳು ಒಳಗೆ ಬೆಳ್ಳಿ ಹಚ್ಚಿ ಹೊರಗೆ ಬಣ್ಣ ಬಳಿದು. ಅಂದರೆ ನಮ್ಮ ಸೀಮೆಯ ಕ್ರೈಸ್ತರು ಹಬ್ಬ ಆಚರಿಸಲು ತೊಡಗಿದ ಎಷ್ಟೋ ಕಾಲದ ಮೇಲೆ ಗಾಜಿನ ಚೆಂಡು ಹುಟ್ಟಿದ್ದು. ಆಯಾ ಊರಿನವರು ತಮ್ಮ ಹೊಲದಲ್ಲಿ, ಕಾರ್ಖಾನೆಯಲ್ಲಿ ಸಿಕ್ಕಿದ್ದನ್ನೇ ಮರಕ್ಕೆ ಕಟ್ಟಿದರು. ನಾವೂ ಹಾಗೆಯೇ ಮಾಡೋಣ.

ಸಿಂಧನೂರು, ಗಂಗಾವತಿ ಕಡೆಯವರಿಗೆ ನನ್ನ ಮೊದಲ ಆಯ್ಕೆ ಭತ್ತದ ಹುಲ್ಲು. ಸ್ವೀಡನ್ ಮತ್ತು ಜರ್ಮನಿಯಲ್ಲಿ ಗೋಧಿ, ರೈ ಮುಂತಾದ ಧಾನ್ಯಗಳ ಹುಲ್ಲಿನಿಂದ ಕಟ್ಟುವ ನಕ್ಷತ್ರವನ್ನು ಭತ್ತದ ಹುಲ್ಲಿನಿಂದಲೂ ಕಟ್ಟಬಹುದು. ಎಳೆ ತುಸು ಸಣ್ಣದು, ಮೈ ತುಸು ಒರಟು, ಅಷ್ಟೇ ವ್ಯತ್ಯಾಸ. ತುಂಗಭದ್ರಾ ಎಡದಂಡೆ ಕಾಲುವೆಯ ಮುಂಗಾರು ಭತ್ತ ಕೊಯ್ಲಿಗೆ ಬರುವುದು ಸರಿಯಾಗಿ ನವೆಂಬರ್, ಡಿಸೆಂಬರ್ ಹೊತ್ತಿಗೆ ಎಂಬುದು ನಿಮಗೆ ಒದಗಿದ ಅನುಕೂಲ. ಆದರೆ ಕಟಾವು ಯಂತ್ರ ಓಡಿಸಿದ ಗದ್ದೆಯ ಹುಲ್ಲು ಜಜ್ಜಿಹೋಗಿರುತ್ತದೆ, ಅದು ಉಪಯೋಗಕ್ಕೆ ಬಾರದು. ಪರಿಚಯದ ರೈತರನ್ನು ಕೇಳಿ, ಕುಡುಗೋಲಿನಿಂದ ಕೊಯ್ದ ಒಂದು ಸಿವುಡು ತರಿಸಿಕೊಳ್ಳಿ. ತೆನೆಗೂ ಅದರ ಕೆಳಗಿನ ಮೊದಲ ಗೆಣ್ಣಿಗೂ ನಡುವಿನ ಭಾಗವೇ ನಿಮಗೆ ಬೇಕಾದದ್ದು, ಏಕೆಂದರೆ ಗೆಣ್ಣಿಲ್ಲದ ಉದ್ದನೆಯ ಎಳೆ ಸಿಗುವುದು ಅಲ್ಲಿ ಮಾತ್ರ. ಎಲೆಯ ಕವಚವನ್ನು ಸುಲಿದು, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ನೆನೆಸಿ, ಉದ್ದಕ್ಕೆ ಸೀಳಿ ಬಿಡಿಸಿ, ಹೆಚ್ಚು ಬಿಸಿ ಇಲ್ಲದ ಇಸ್ತ್ರಿಪೆಟ್ಟಿಗೆಯನ್ನು ಮೇಲೆ ಆಡಿಸಿದರೆ ಅದು ರಿಬ್ಬನ್ನಿನಂತೆ ಚಪ್ಪಟೆಯಾಗಿ ಹೊಳಪು ಪಡೆಯುತ್ತದೆ. ಇಸ್ತ್ರಿ ಹೆಚ್ಚು ಹೊತ್ತು ನಿಂತರೆ ಬಣ್ಣ ಹೊನ್ನಿನಿಂದ ಕಂದಿಗೆ ತಿರುಗುತ್ತದೆ. ಕೆಲವು ಎಳೆಗಳನ್ನು ಬೇಕೆಂದೇ ಹಾಗೆ ಕಂದಿಸಿಕೊಂಡರೆ ಎರಡು ಬಣ್ಣದ ನಕ್ಷತ್ರವಾಗುತ್ತದೆ.

ಕಟ್ಟುವ ಕ್ರಮ ಹೀಗಿದೆ. ಹತ್ತು ಸೆಂಟಿಮೀಟರ್ ಉದ್ದದ ನಾಲ್ಕು ಎಳೆಗಳನ್ನು ತೆಗೆದುಕೊಳ್ಳಿ. ಎರಡನ್ನು ಶಿಲುಬೆಯಾಕಾರದಲ್ಲಿ ಇಟ್ಟು, ಉಳಿದೆರಡನ್ನು ಇನ್ನೊಂದು ಶಿಲುಬೆಯಾಗಿಸಿ ಮೊದಲನೆಯದರ ಮೇಲೆ ಓರೆಯಾಗಿ ಇಡಿ. ಈಗ ಎಂಟು ತುದಿಗಳು ಸಮ ಅಂತರದಲ್ಲಿ ಕಾಣಬೇಕು. ನಡುವನ್ನು ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಕೆಂಪು ದಾರವನ್ನು ಮೇಲಿನ ಶಿಲುಬೆಯ ತುದಿಗಳ ಮೇಲಿನಿಂದಲೂ ಕೆಳಗಿನ ಶಿಲುಬೆಯ ತುದಿಗಳ ಅಡಿಯಿಂದಲೂ ಹಾಯಿಸುತ್ತ ಒಂದು ಸುತ್ತು ಬನ್ನಿ. ಈ ಕ್ರಮ ತಪ್ಪಿದರೆ ಎಳೆಗಳು ಜಾರಿ ಬಿಚ್ಚಿಕೊಳ್ಳುತ್ತವೆ, ಸರಿಯಾದರೆ ದಾರವೇ ಅವನ್ನು ಒಂದಕ್ಕೊಂದು ಬಿಗಿದು ಕೂರಿಸುತ್ತದೆ. ಅಂಟಿನ ಅಗತ್ಯವೇ ಇಲ್ಲ. ಹಿಂದೆ ಗಂಟು ಹಾಕಿ, ದಾರದ ತುದಿಗಳನ್ನು ತೂಗುಹಾಕಲು ಉಳಿಸಿಕೊಳ್ಳಿ, ಬಳಿಕ ಕತ್ತರಿಯಿಂದ ಎಂಟು ತುದಿಗಳನ್ನೂ ಚೂಪಾಗಿಯೋ ಕವಲಾಗಿಯೋ ಕತ್ತರಿಸಿ. ಎಳೆ ತೇವವಾಗಿರುವಾಗಲೇ ಕಟ್ಟಬೇಕು. ಒಣಗಿದ ಮೇಲೆ ಬಗ್ಗಿಸಿದರೆ ಸೀಳುತ್ತದೆ.

ಗೋದಲಿಯ ಕುರಿಗಳಿಗೆ ಜೋಳದ ದಂಟಿಗಿಂತ ಉತ್ತಮ ಸಾಮಗ್ರಿಯನ್ನು ನಾನು ಕಂಡಿಲ್ಲ. ನಮ್ಮ ಭಾಗದ ಹಳ್ಳಿಗಳಲ್ಲಿ ಮಕ್ಕಳು ದಂಟನ್ನು ಸುಲಿದು, ಒಳಗಿನ ಬೆಂಡಿನಿಂದ ಬಂಡಿ, ಎತ್ತು, ಕನ್ನಡಕಗಳನ್ನು ಮಾಡಿಕೊಳ್ಳುತ್ತಿದ್ದುದು ನಿಮಗೂ ನೆನಪಿರಬಹುದು. ಅದೇ ವಿದ್ಯೆ ಇಲ್ಲಿಯೂ ಸಾಕು: ದಪ್ಪ ಬೆಂಡಿನ ತುಂಡು ಮೈಗೆ, ಚಿಕ್ಕದು ತಲೆಗೆ, ಸುಲಿದ ಸಿಬಿರಿನ ಚೂಪು ಕಡ್ಡಿಗಳು ಕಾಲಿಗೂ ಜೋಡಣೆಗೂ. ಹಿಂಗಾರಿ ಜೋಳ ಡಿಸೆಂಬರಿನಲ್ಲಿ ಇನ್ನೂ ಹೊಲದಲ್ಲಿ ಹಸಿರಾಗಿರುತ್ತದಾದ್ದರಿಂದ ಹೋದ ವರ್ಷದ ಬಣವೆಯಿಂದ ಚೆನ್ನಾಗಿ ಒಣಗಿದ ದಂಟನ್ನು ಆರಿಸಬೇಕು. ಸಿಬಿರಿನ ಅಂಚು ಬ್ಲೇಡಿನಂತೆ ಹರಿತ. ಸುಲಿಯುವ ಕೆಲಸ ದೊಡ್ಡವರದ್ದೇ ಆಗಿರಲಿ. ಮೈಮೇಲೆ ಅರಳೆಯನ್ನು ಅಂಟಿಸಿ. ರಾಯಚೂರು ಹತ್ತಿಯ ಪೇಟೆಯಾಗಿರುವಾಗ ಅಂಗಡಿಯಿಂದ ಪಾಲಿಯೆಸ್ಟರ್ ತುಪ್ಪಳ ತರುವುದು ನನಗೆ ಸರಿ ಕಾಣುವುದಿಲ್ಲ.

ಅಂಟಿಗೆ ಹುಣಸೆಬೀಜ ಸಾಕು. ಬೀಜವನ್ನು ಹುರಿದು ಸಿಪ್ಪೆ ತೆಗೆದು, ರಾತ್ರಿ ನೆನೆಹಾಕಿ, ನುಣ್ಣಗೆ ರುಬ್ಬಿ, ನೀರು ಸೇರಿಸಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕುದಿಸಿದರೆ ಗಟ್ಟಿಯಾದ ಸರಿ ಸಿದ್ಧವಾಗುತ್ತದೆ. ಕಂಬಳಿ ನೇಯುವವರು ಬಿಗುವು ಬರಲೆಂದು ಬಳಸುವುದೂ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಗೊಂಬೆಗಳಿಗೆ ಬಳಸುವುದೂ ಇದನ್ನೇ. ಕಿನ್ನಾಳದ ಕೆಲಸವನ್ನು ಒಮ್ಮೆ ಹೋಗಿ ನೋಡಬೇಕು. ಹಗುರವಾದ ಮರದಲ್ಲಿ ಕೆತ್ತಿದ ಭಾಗಗಳನ್ನು ಮರದ ಹುಡಿ, ಸೆಣಬಿನ ಪುಡಿ ಮತ್ತು ಹುಣಸೆಬೀಜದ ಅಂಟು ಕಲಸಿದ ಕಿಟ್ಟದಿಂದ ಜೋಡಿಸುತ್ತಾರೆ, ಮೇಲೆ ಹತ್ತಿಬಟ್ಟೆಯ ತುಣುಕು ಹಚ್ಚಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ ಬಳಿಯುತ್ತಾರೆ. ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಈ ಕಲೆ ವಾರಾಂತ್ಯದಲ್ಲಿ ಮನೆಯಲ್ಲಿ ಕಲಿಯುವಂಥದ್ದಲ್ಲ. ಮನೆಗೆ ತರಬಹುದಾದದ್ದು ಕಿಟ್ಟದ ತತ್ವ ಮಾತ್ರ. ನೆನೆಸಿದ ಹಳೆಯ ಕಾಗದದ ತಿರುಳಿಗೆ ಮರದ ಹುಡಿ ಮತ್ತು ಹುಣಸೆ ಅಂಟು ಸೇರಿಸಿ ನಾದಿದರೆ ಮಕ್ಕಳು ಗಂಟೆ, ಹಕ್ಕಿ, ಚಂದ್ರ ಮಾಡುವಷ್ಟು ಮೆತ್ತನೆಯ ಮುದ್ದೆಯಾಗುತ್ತದೆ. ಗೋದಲಿಗೆ ಮರದ ಗೊಂಬೆಗಳೇ ಬೇಕೆನಿಸಿದರೆ ಕಿನ್ನಾಳದ ಕುಟುಂಬಗಳನ್ನು ಮಳೆಗಾಲದಲ್ಲೇ ಕೇಳಿ ನೋಡಿ, ವರ್ಷಕ್ಕೊಂದರಂತೆ ಮಾಡಿಸಿಕೊಳ್ಳಿ.

ಇತ್ತೀಚೆಗೆ ಎಲ್ಲೆಡೆ ಕಾಣುವ ಮೈದಾ ಮತ್ತು ಉಪ್ಪಿನ ಹಿಟ್ಟಿನ ಅಲಂಕಾರಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಎರಡು ಬಟ್ಟಲು ಮೈದಾ, ಒಂದು ಬಟ್ಟಲು ಪುಡಿ ಉಪ್ಪು, ಸುಮಾರು ಒಂದು ಬಟ್ಟಲು ನೀರು ಕಲಸಿ, ಅಚ್ಚು ಕತ್ತರಿಸಿ ನಮ್ಮ ಬಿಸಿಲಿನಲ್ಲಿ ಮೂರು ನಾಲ್ಕು ದಿನ ತಿರುವಿಹಾಕಿ ಒಣಗಿಸಿದರೆ ಗಟ್ಟಿಯಾಗುತ್ತದೆ ನಿಜ. ಮಳೆಗಾಲದಲ್ಲಿ ಉಪ್ಪು ಗಾಳಿಯ ತೇವವನ್ನು ಹೀರಿ ಬೆವರುತ್ತದೆ, ಬಣ್ಣ ಏಳುತ್ತದೆ. ವಾರ್ನಿಷ್ ಬಳಿಯದೆ ಇಟ್ಟರೆ ಮುಂದಿನ ಡಿಸೆಂಬರಿನಲ್ಲಿ ನಿಮಗೆ ಸಿಗುವುದು ಹಿಟ್ಟಿನ ಚೂರು.

ಬಟ್ಟೆಯ ನಕ್ಷತ್ರವನ್ನು ನಿಮ್ಮ ಅಜ್ಜಿ ಮಾಡುತ್ತಿದ್ದರೆಂದು ಬರೆದಿದ್ದೀರಿ, ಅದನ್ನು ಬಿಡಬೇಡಿ. ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಗಳಲ್ಲಿ ಕತ್ತರಿಸಿ ಉಳಿದ ಡೆನಿಮ್ ಚೂರುಗಳು ಸಿಗುತ್ತವೆ. ಅಂಗೈಯಗಲದ ಎರಡು ನಕ್ಷತ್ರ ಕತ್ತರಿಸಿ, ಅಂಚಿಗೆ ಕಾಜಾ ಹೊಲಿಗೆ ಹಾಕುತ್ತ ಬಂದು, ಕೊನೆಯ ಮೊನೆ ಮುಚ್ಚುವ ಮೊದಲು ಅರಳೆ ತುಂಬಬೇಕು. ದಪ್ಪ ಜೀನ್ಸ್‌ಗೆ ಮಕ್ಕಳ ಸೂಜಿ ಇಳಿಯದು, ಶರ್ಟಿಗೆ ಬಳಸುವ ತೆಳು ಡೆನಿಮ್ ಕೇಳಿ ತನ್ನಿ. ನಡುವೆ ಕನ್ನಡಿಯ ತುಣುಕು ಕೂರಿಸಬೇಕೆಂದಿದ್ದರೆ ಸಂಡೂರಿನ ಲಂಬಾಣಿ ಕಸೂತಿ ಮಾಡುವ ಮಹಿಳೆಯರಿಂದ ಕನ್ನಡಿ, ಕವಡೆ ಹೊಲಿದ ಸಣ್ಣ ತುಣುಕುಗಳನ್ನು ಕೊಂಡು ತರುವುದು ಲೇಸು. ಹಳೆಯ ಲಂಬಾಣಿ ಲಂಗ, ಕುಪ್ಪಸಗಳನ್ನು ಅಗ್ಗಕ್ಕೆ ಕೊಂಡು ಕತ್ತರಿಸುವವರಿದ್ದಾರೆ. ಒಬ್ಬರ ಮನೆಯ ಕೈಕೆಲಸವನ್ನು ಹರಿದು ಇನ್ನೊಬ್ಬರ ಮನೆಯ ಹಬ್ಬಕ್ಕೆ ತೂಗುಹಾಕುವುದು ನನಗೆ ಒಪ್ಪಿಗೆಯಿಲ್ಲ.

ಬಾಗಿಲಿಗೆ ಕಟ್ಟುವ ದೊಡ್ಡ ನಕ್ಷತ್ರವನ್ನು ದೀಪಾವಳಿಯ ಆಕಾಶಬುಟ್ಟಿ ಕಟ್ಟಿ ಅಭ್ಯಾಸವಿರುವ ಯಾರು ಬೇಕಾದರೂ ಮಾಡಬಹುದು. ಮೇದಾರರಲ್ಲಿ 60 ಸೆಂಟಿಮೀಟರಿನ ಹತ್ತು ಬಿದಿರು ಸೀಳುಗಳನ್ನು ಮಾಡಿಸಿಕೊಂಡು, ಐದೈದರಿಂದ ಎರಡು ಐದುಮೊನೆಯ ನಕ್ಷತ್ರ ಕಟ್ಟಿ, ಎರಡರ ಮೊನೆಗಳನ್ನು ಸೇರಿಸಿ ಬಿಗಿದು, ಒಳಗಿನ ಐದು ಸಂಧಿಗಳಲ್ಲಿ ಗೇಣಿಗಿಂತ ಚಿಕ್ಕ ಕಡ್ಡಿಗಳನ್ನು ಅಡ್ಡ ಕೊಟ್ಟರೆ ನಡು ಉಬ್ಬಿ ನಿಲ್ಲುತ್ತದೆ. ಬಣ್ಣದ ಕಾಗದ ಹಚ್ಚಿ, ಒಳಗೆ ಎಲ್‌ಇಡಿ ಬಲ್ಬನ್ನೇ ಹಾಕಿ; ಹಳೆಯ ಕಾಲದ ತಂತಿ ಬಲ್ಬು ಕಾಗದವನ್ನು ಸುಡುವಷ್ಟು ಕಾಯುತ್ತದೆ. ಮರಕ್ಕೆ ಸರ್ವೆಯ ಕೊಂಬೆಯನ್ನು ಅರಸಿ ದೂರ ಹೋಗಬೇಕಿಲ್ಲ, ಬಳ್ಳಾರಿ ಜಾಲಿಯ ಒಣಗಿದ ಕೊಂಬೆಗೆ ಸುಣ್ಣ ಬಳಿದು ನಿಲ್ಲಿಸಿದರೆ ಹುಲ್ಲಿನ ನಕ್ಷತ್ರಗಳು ಅದರ ಮೇಲೆ ಬಹಳ ಚೆನ್ನಾಗಿ ಕಾಣುತ್ತವೆ, ಮುಳ್ಳುಗಳನ್ನು ಮೊದಲೇ ಇಕ್ಕಳದಿಂದ ಒಂದೊಂದಾಗಿ ಮುರಿದಿದ್ದರೆ.

ಇನ್ನು ಅಜ್ಜಿಯ ಡಬ್ಬಿಯ ವಿಷಯ. ಮೊದಲು ಎಲ್ಲವನ್ನೂ ಬಿಳಿ ಬಟ್ಟೆಯ ಮೇಲೆ ಹರಡಿ ಸಾಮಗ್ರಿಗೆ ತಕ್ಕಂತೆ ಬೇರ್ಪಡಿಸಿ. ಗಾಜಿನ ಚೆಂಡುಗಳನ್ನು ತೊಳೆಯಬೇಡಿ, ಒದ್ದೆ ಬಟ್ಟೆಯಿಂದ ಒರೆಸಲೂ ಬೇಡಿ. ಬೆಳ್ಳಿಯ ಲೇಪ ಒಳಗಿರುತ್ತದೆ, ಮುಚ್ಚಳದ ಕೆಳಗಿನ ಕತ್ತಿನಿಂದ ನೀರು ಇಳಿದರೆ ಅದು ಕಲೆಗಟ್ಟುತ್ತದೆ. ಹೊರಗಿನ ಬಣ್ಣ ಸುಟ್ಟು ಕೂರಿಸಿದ್ದಲ್ಲವಾದ್ದರಿಂದ ನೀರಿಗೆ ಬಿಟ್ಟುಕೊಳ್ಳಬಹುದು. ಚಿತ್ರ ಬರೆಯುವ ಮೆತ್ತನೆಯ ಒಣ ಕುಂಚದಿಂದ ಧೂಳು ತೆಗೆದರೆ ಸಾಕು. ಬೆಳ್ಳಿಬಣ್ಣದ ಎಳೆಗಳನ್ನು ಕೈಯಲ್ಲಿ ಹಿಡಿದು ನೋಡಿ: ಅವು ಭಾರವಾಗಿ ಜೋತುಬಿದ್ದು, ಮಡಚಿದರೆ ಮಡಚಿದಂತೆಯೇ ನಿಂತರೆ ಸೀಸದವಾಗಿರಬಹುದು. ಒಂದು ಕಾಲದಲ್ಲಿ ಹೊರದೇಶಗಳಲ್ಲಿ ಇಂಥವನ್ನು ಧಾರಾಳವಾಗಿ ಮಾಡುತ್ತಿದ್ದರು. ಅಂಥವನ್ನು ಮಕ್ಕಳ ಕೈಗೆ ಕೊಡದೆ, ಮುಚ್ಚಿದ ಲಕೋಟೆಯಲ್ಲಿ ಗುರುತು ಬರೆದು ಇಟ್ಟುಬಿಡಿ, ಕೈಯನ್ನು ಸೋಪಿನಿಂದ ತೊಳೆಯಿರಿ.

ಹುಳ ಹಿಡಿದ ಬಟ್ಟೆ ಮತ್ತು ಹತ್ತಿಯ ವಸ್ತುಗಳಿಗೆ ವಸ್ತುಸಂಗ್ರಹಾಲಯಗಳಲ್ಲಿ ಬಳಸುವ ತಣ್ಣನೆಯ ಉಪಾಯ ಮನೆಯಲ್ಲೂ ಸಾಧ್ಯ. ವಸ್ತುವನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಫ್ರಿಜ್ಜಿನ ಫ್ರೀಜರಿನಲ್ಲಿ ಎರಡು ವಾರ ಇಡಿ; ಮನೆಯ ಫ್ರೀಜರ್ ಸುಮಾರು ಮೈನಸ್ 18 ಡಿಗ್ರಿಯಷ್ಟು ತಣ್ಣಗಿರುವುದರಿಂದ ಹುಳ, ಮೊಟ್ಟೆ ಎರಡೂ ಸಾಯುತ್ತವೆ. ಹೊರತೆಗೆದ ಮೇಲೆ ಒಂದು ಇಡೀ ದಿನ ಚೀಲವನ್ನು ಬಿಚ್ಚಬೇಡಿ, ಬಿಚ್ಚಿದರೆ ಬಟ್ಟೆಯ ಮೇಲೆಯೇ ನೀರು ಹನಿಗಟ್ಟುತ್ತದೆ. ಗಾಜು ಮತ್ತು ಬಣ್ಣ ಬಳಿದ ಮರಕ್ಕೆ ಈ ಉಪಾಯ ಸಲ್ಲದು. ನುಸಿಗುಳಿಗೆಯನ್ನೂ ನಾನು ಹೇಳುವುದಿಲ್ಲ. ಅದರ ಆವಿ ಥರ್ಮೊಕೋಲ್ ಮತ್ತು ಕೆಲವು ಪ್ಲಾಸ್ಟಿಕ್‌ಗಳನ್ನು ಕರಗಿಸುತ್ತದೆ, ಮಕ್ಕಳಿರುವ ಮನೆಗೆ ಅಪಾಯವೂ ಹೌದು.

ಸುತ್ತಿಡಲು ಪತ್ರಿಕೆಯ ಕಾಗದ ಬೇಡ. ಅದರಲ್ಲಿನ ಆಮ್ಲ ಬಟ್ಟೆಯನ್ನು ಹಳದಿಯಾಗಿಸುತ್ತದೆ, ಮಸಿಯೂ ಹತ್ತುತ್ತದೆ. ಗಂಜಿಯಿಲ್ಲದೆ ಒಗೆದ ಹಳೆಯ ಬಿಳಿ ಪಂಚೆಯ ತುಂಡುಗಳು ಇದಕ್ಕೆ ಯೋಗ್ಯ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ತಗಡಿನ ಮಾಡಿನ ಕೆಳಗಿನ ಅಟ್ಟದಲ್ಲಿ ಟ್ರಂಕು ಇಟ್ಟರೆ ಅಂಟು ಸಡಿಲುತ್ತದೆ, ಮೇಣದ ವಸ್ತು ಸೊಟ್ಟಗಾಗುತ್ತದೆ. ಮನೆಯ ನಡುಕೋಣೆಯ ಕಪಾಟಿನ ಕೆಳಗಿನ ಗೂಡೇ ಸರಿಯಾದ ಸ್ಥಳ, ಮತ್ತು ಮಳೆಗಾಲ ಮುಗಿದ ಕೂಡಲೇ ಒಮ್ಮೆ ತೆರೆದು ನೋಡಬೇಕು. ಹೊಸದಾಗಿ ಮಾಡಿದ ಬೆಂಡಿನ ಕುರಿಗಳಿಗೆ ಮಾತ್ರ ಇಷ್ಟೊಂದು ಉಪಚಾರ ಬೇಡ. ಅವಕ್ಕೆ ಹುಳ ಬಿದ್ದೇ ಬೀಳುತ್ತದೆ. ಹಬ್ಬ ಮುಗಿದ ಮೇಲೆ ದನಕ್ಕೆ ಹಾಕಿ, ಮುಂದಿನ ವರ್ಷಕ್ಕೆ ಹೊಸದು ಮಾಡುವ ನೆವ ಸಿಕ್ಕಂತಾಗುತ್ತದೆ.

ತಮ್ಮಂದಿರು ದೂರದಲ್ಲಿರುವುದನ್ನು ಅಡ್ಡಿಯೆಂದು ತಿಳಿಯಬೇಡಿ. ಹುಲ್ಲು ಸಿಗುವುದು ಸಿಂಧನೂರಿನಲ್ಲಿ, ಆದ್ದರಿಂದ ಎಳೆ ಸಿದ್ಧಪಡಿಸುವ ಕೆಲಸ ನಿಮ್ಮದಾಗಲಿ. ಕಟ್ಟುವುದು ಮೂರೂ ಮನೆಗಳಲ್ಲಿ ಒಂದೇ ಭಾನುವಾರ ನಡೆಯಲಿ. ಪ್ರತಿ ಮನೆಯವರೂ ತಾವು ಕಟ್ಟಿದ್ದರಲ್ಲಿ ಒಂದೊಂದನ್ನು ಉಳಿದೆರಡು ಮನೆಗೆ ಕಳುಹಿಸಲಿ. ಐದು ವರ್ಷದೊಳಗಿನವರು ದಾರ ಕೊಡುವ, ಅರಳೆ ಹಿಂಜುವ ಕೆಲಸ ಮಾಡಬಹುದು. ಮಂಡಕ್ಕಿಯ ಸರ ಪೋಣಿಸಲು ಅವರಿಗೆ ಬಹಳ ಇಷ್ಟ, ಅರ್ಧ ಸರ ಹೊಟ್ಟೆಗೆ ಹೋಗುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿದುಕೊಂಡಿರಿ. ಎಂಟು ವರ್ಷ ದಾಟಿದವರಿಗೆ ಸೂಜಿ ಕೊಡಿ, ಸೊಟ್ಟ ಹೊಲಿಗೆಯನ್ನು ಬಿಚ್ಚಿ ತಿದ್ದಬೇಡಿ. ಅವರು ತಂದ ಪ್ಲಾಸ್ಟಿಕ್ ಚೆಂಡುಗಳನ್ನೂ ಎಸೆಯಬೇಡಿ. ಮರದ ಹಿಂಭಾಗದಲ್ಲಿ ಅವಕ್ಕೂ ಜಾಗವಿರಲಿ, ಜಗಳದಿಂದ ಆರಂಭವಾದ ರೂಢಿ ನಿಲ್ಲುವುದಿಲ್ಲ.

ಪ್ರತಿ ನಕ್ಷತ್ರಕ್ಕೂ ಸಣ್ಣ ರಟ್ಟಿನ ಚೀಟಿ ಕಟ್ಟಿ, ಮಾಡಿದವರ ಹೆಸರು ಮತ್ತು ವರ್ಷವನ್ನು ಪೆನ್ಸಿಲಿನಲ್ಲಿ ಬರೆಯಿರಿ, ಬಾಲ್‌ಪೆನ್ನಿನ ಶಾಯಿ ಹರಡಿ ಮಾಸುತ್ತದೆ. ಅಜ್ಜಿಯ ಬಟ್ಟೆಯ ನಕ್ಷತ್ರಗಳಲ್ಲಿ ಗಟ್ಟಿಯಾಗಿರುವ ಒಂದನ್ನು ಕಾಗದದ ಮೇಲಿಟ್ಟು ಅಂಚಿನ ಗೆರೆ ಎಳೆದುಕೊಂಡು, ಅದನ್ನೇ ಮೂರೂ ಮನೆಗಳಿಗೆ ಅಚ್ಚಾಗಿ ಕಳುಹಿಸಿ. ಹುಲ್ಲಿನ ಎಳೆಗಳನ್ನು ಅಂಚೆಗೆ ಹಾಕುವಾಗ ಪೂರ್ತಿ ಒಣಗಿಸಿ, ಎರಡು ರಟ್ಟುಗಳ ನಡುವೆ ಇಟ್ಟು ದಾರ ಸುತ್ತಿರಿ. ತೇವ ಉಳಿದರೆ ದಾರಿಯಲ್ಲೇ ಬೂಷ್ಟು ಹಿಡಿಯುತ್ತದೆ. ತಲುಪಿದ ಮೇಲೆ ಮತ್ತೆ ನೆನೆಸಿಕೊಂಡೇ ಕಟ್ಟಬೇಕೆಂದು ಚೀಟಿಯಲ್ಲಿ ಬರೆಯಲು ಮರೆಯಬೇಡಿ.